ಇರುಳಿನ ದುರ್ಗಕ್ಕೆ ಕಿವಿಗೊಟ್ಟು

ಕಣ್ಣಿಗೆ ರೆಪ್ಪೆಯುಂಟು, ನಾಲಗೆಗೆ ತುಟಿಗಳ ಬಾಗಿಲುಂಟು. ಕಿವಿಗೆ ಮಾತ್ರ ಮುಚ್ಚಳವಿಲ್ಲ. ನಾವು ನಿದ್ರಿಸಿದಾಗಲೂ ಅದು ತೆರೆದೇ ಇರುತ್ತದೆ. ತೊಟ್ಟಿಲಿನ ಕೂಸು ತುಸು ನರಳಿದರೆ ಸಾಕು, ಗಾಢನಿದ್ರೆಯಲ್ಲಿದ್ದ ತಾಯಿ ಎದ್ದು ಕುಳಿತುಕೊಳ್ಳುತ್ತಾಳೆ. ಅದೇ ತಾಯಿ ಬೀದಿಯಲ್ಲಿ ಲಾರಿ ಗುಡುಗಿಕೊಂಡು ಹೋದರೂ ಮಗ್ಗುಲು ಬದಲಿಸುವುದಿಲ್ಲ. ಅಂದಮೇಲೆ ಕೇಳುವುದು ಕಿವಿಯೊಂದರ ಕೆಲಸವಲ್ಲ; ಅದರ ಹಿಂದೆ ನಿಂತ ಅಕ್ಕರೆಯ ಕೆಲಸವೂ ಹೌದು. ಈ ಮಾತನ್ನು ವಾಚಕರಿಗೆ ಉಪದೇಶವೆಂದು ಹೇಳುತ್ತಿಲ್ಲ. ಅರವತ್ತು ದಾಟಿದ ಮೇಲೆ, ನಮ್ಮದೇ ಒಂದು ತಪ್ಪಿನಿಂದ ನಾವು ಕಲಿತ ಪಾಠವಿದು. ಆದುದರಿಂದ ತಪ್ಪಿನಿಂದಲೇ ಆರಂಭಿಸುವುದು ಉಚಿತ.

ಒಂದು ಶ್ರಾವಣದ ರಾತ್ರಿ

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದಿ ಬೆಳೆದ ನಾವು ಮುಂದೆ ನಾಲ್ಕು ದಶಕಗಳ ಕಾಲ ಊರೂರುಗಳಲ್ಲಿ ಪ್ರವಚನ ಮಾಡುತ್ತ ಬಂದವರು. ಅಂದರೆ ನಮ್ಮ ಆಯುಷ್ಯದ ಬಹುಭಾಗ ಮಾತನಾಡುವುದರಲ್ಲಿಯೇ ಕಳೆಯಿತು. ಚಿತ್ರದುರ್ಗದ ಕೋಟೆಯ ಬುಡದಲ್ಲಿ, ಬುರುಜನಹಟ್ಟಿಯ ಕಡೆಯ ಒಂದು ಕಿರಿದಾದ ಕೇರಿಯಲ್ಲಿ ನಮ್ಮ ವಾಸ. ಕೆಲವು ವರ್ಷಗಳ ಹಿಂದೆ ಆ ಕೇರಿಯ ಭಕ್ತರೇ ಸೇರಿ ಶ್ರಾವಣಮಾಸದ ಪ್ರವಚನವನ್ನು ಏರ್ಪಡಿಸಿದರು. ಬೀದಿಗೆ ಚಪ್ಪರ ಹಾಕಿ, ಎರಡು ವಿದ್ಯುತ್ ಕಂಬಗಳಿಗೆ ಎರಡು ದೊಡ್ಡ ಕಹಳೆಗಳಂತಹ ಧ್ವನಿವರ್ಧಕಗಳನ್ನು ಕಟ್ಟಿದರು. ಮನೆಯಲ್ಲಿಯೇ ಉಳಿದವರಿಗೂ ಶರಣರ ಮಾತು ಮುಟ್ಟಲಿ ಎಂಬುದು ಅವರ ಸದಿಚ್ಛೆ. ನಮಗೂ ಅದು ಪ್ರಿಯವೇ ಆಗಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ತನ್ನ ದನಿ ಕೋಟೆಯ ಬಂಡೆಗೆ ತಾಗಿ ಮರಳಿ ಬರುವುದನ್ನು ಕೇಳಿ ಹಿಗ್ಗದ ಉಪನ್ಯಾಸಕ ವಿರಳ.

ಪ್ರವಚನ ಎಂಟು ಗಂಟೆಗೆ ತೊಡಗಿ ಹತ್ತಕ್ಕೆ ಕಾಲುಗಂಟೆ ಇರುವಾಗ ಮುಗಿಯಿತು. ಮಂಗಳವಾಯಿತು, ಪ್ರಸಾದ ವಿನಿಯೋಗವಾಯಿತು, ಧ್ವನಿವರ್ಧಕವನ್ನು ನಿಲ್ಲಿಸಿದರು. ಪಾತ್ರೆಗಳನ್ನು ತೊಳೆಯಲೆಂದು ಹಿತ್ತಿಲ ಕಡೆ ಹೋದ ಹೆಣ್ಣುಮಕ್ಕಳಿಗೆ ಟಣ್, ಟಣ್ ಎಂಬ ಒಂದು ಸಣ್ಣ ಸದ್ದು ಕೇಳಿಸಿತು. ನಮ್ಮ ಮನೆಗೆ ಎರಡು ಗೋಡೆಗಳಾಚೆ ಒಬ್ಬರೇ ವಾಸವಾಗಿದ್ದ ಎಪ್ಪತ್ತೆಂಟು ವರ್ಷದ ಅವ್ವ ಹಿತ್ತಿಲಿನಲ್ಲಿ ಜಾರಿ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಬಿದ್ದದ್ದು ಎಂಟೂವರೆಯ ಹೊತ್ತಿಗೆ. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ಕೈಗೆ ಸಿಕ್ಕ ಹಿತ್ತಾಳೆಯ ಚೊಂಬಿನಿಂದ ಒಗೆಯುವ ಕಲ್ಲನ್ನು ತಟ್ಟುತ್ತ ಮಳೆಯ ತುಂತುರಿನಲ್ಲಿ ಒಂದೂಕಾಲು ಗಂಟೆಯ ಕಾಲ ಮಲಗಿದ್ದರು.

ಶಸ್ತ್ರಚಿಕಿತ್ಸೆಯಾದ ಮೇಲೆ ಆಸ್ಪತ್ರೆಯಲ್ಲಿ ಅವರನ್ನು ಕಂಡು ಕ್ಷಮೆ ಕೇಳಿದೆವು. ಅವರು ನಕ್ಕರು. “ಬಿಡ್ರಿ ಅಯ್ಯನೋರೆ, ನೀವೇನು ಬೇಕಂತ ಮಾಡಿದ್ರಾ? ನಿಮ್ಮ ಮಾತೆಲ್ಲ ಚೆನ್ನಾಗೇ ಕೇಳುಸ್ತಿತ್ತು. ಅವತ್ತು ಅಕ್ಕ ಕದಳಿಗೆ ಹೋದ ಕತೆ ಹೇಳಿದ್ರಿ. ನಾನು ಕೂಗಿದ್ದು ಮಾತ್ರ ನನಗೇ ಕೇಳುಸ್ಲಿಲ್ಲ” ಎಂದರು. ಆ ರಾತ್ರಿ ಯಾವ ವಿಷಯವನ್ನು ಕುರಿತು ಮಾತನಾಡಿದೆವೆಂಬುದು ನಮಗೇ ಮರೆತುಹೋಗಿತ್ತು. ಕಲ್ಲಿನ ಮೇಲೆ ಬಿದ್ದಿದ್ದ ಅವರಿಗೆ ಒಂದೊಂದು ಮಾತೂ ನೆನಪಿತ್ತು.

ಶ್ರಾವಣವೆಂಬ ಹೆಸರು ಬಂದದ್ದು ಶ್ರವಣ ನಕ್ಷತ್ರದಿಂದ. ಶ್ರವಣವೆಂದರೆ ಕೇಳುವುದು, ಕಿವಿಗೂ ಅದೇ ಹೆಸರು. ಈ ನಿರ್ವಚನವನ್ನು ನೂರಾರು ವೇದಿಕೆಗಳಲ್ಲಿ ಹೇಳಿದ್ದೇವೆ. ಕೇಳಬೇಕಾದವರು ಎದುರಿಗೆ ಕುಳಿತವರು ಮಾತ್ರವೆಂದು ಅಲ್ಲಿಯವರೆಗೆ ತಿಳಿದುಕೊಂಡಿದ್ದೆವು.

ಇರುಳಿನ ನಾಲ್ಕು ಜಾವ

ಆ ಘಟನೆಯ ಮೇಲೆ ನಮಗೆ ರಾತ್ರಿಯ ನಿದ್ರೆ ಕಡಿಮೆಯಾಯಿತು. ನಿದ್ರೆ ಬಾರದ ಹೊತ್ತಿನಲ್ಲಿ ಜಗಲಿಯ ಮೇಲೆ ಕುಳಿತು ಕೇರಿಗೆ ಕಿವಿಗೊಡುವ ಅಭ್ಯಾಸವಾಯಿತು. ಮೊದಮೊದಲು ಕೇಳಿಸಿದ್ದು ಬರಿಯ ಗದ್ದಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಗದ್ದಲ ಬಿಡಿಬಿಡಿಯಾಗಿ, ಒಂದೊಂದು ಸದ್ದಿಗೂ ಒಬ್ಬೊಬ್ಬ ಮನುಷ್ಯ ಇದ್ದಾನೆಂಬುದು ತಿಳಿಯತೊಡಗಿತು.

ನಮ್ಮ ಹಿರಿಯರು ಇರುಳನ್ನು ನಾಲ್ಕು ಜಾವಗಳಾಗಿ ಎಣಿಸಿದರು. ಮೊದಲನೆಯ ಜಾವ ಮನೆವಾರ್ತೆಯದು. ಕುಕ್ಕರಿನ ಸೀಟಿ, ಮಿಕ್ಸಿಯ ಗರಗರ, ರೊಟ್ಟಿ ತಟ್ಟುವ ಸದ್ದು, ಮಗ್ಗಿ ಒಪ್ಪಿಸುವ ಮಕ್ಕಳು, ಎಲ್ಲ ಮನೆಗಳಿಂದ ಒಟ್ಟಿಗೆ ಹೊಮ್ಮುವ ದೂರದರ್ಶನದ ಧಾರಾವಾಹಿಗಳ ಅಳು. ಎರಡನೆಯ ಜಾವದಲ್ಲಿ ಲಕ್ಷ್ಮಿ ಬಜಾರಿನ ಕಡೆಯಿಂದ ಅಂಗಡಿಗಳ ಷಟರುಗಳನ್ನು ಎಳೆಯುವ ಸದ್ದು ಒಂದರ ಹಿಂದೆ ಒಂದರಂತೆ ಬರುತ್ತದೆ. ಖಾನಾವಳಿಯ ಹುಡುಗರು ದೊಡ್ಡ ಪಾತ್ರೆಗಳನ್ನು ಉಜ್ಜುತ್ತಾರೆ. ಕೇರಿಯ ತುದಿಯಲ್ಲಿ ದರ್ಜಿಯವರ ಹೊಲಿಗೆಯಂತ್ರ ಓಡುತ್ತಲೇ ಇರುತ್ತದೆ. ಲಗ್ನಗಳ ಕಾಲದಲ್ಲಿ, ದೀಪಾವಳಿ–ರಂಜಾನುಗಳ ಮುಂಚೆ ಅದು ನಡುರಾತ್ರಿಯಾದರೂ ನಿಲ್ಲದು. ಹಬ್ಬದ ದಿನ ನಾವು ಉಡುವ ಹೊಸಬಟ್ಟೆಯಲ್ಲಿ ಆ ರಾತ್ರಿಗಳ ನಿದ್ರೆ ಸೇರಿದೆಯೆಂಬುದು ಆ ಸದ್ದು ಕೇಳುವ ತನಕ ನಮಗೆ ಹೊಳೆದಿರಲಿಲ್ಲ.

ಮೂರನೆಯ ಜಾವವೇ ನಿಜವಾದ ಇರುಳು. ಗೂರ್ಖಾ ಕೋಲು ಕುಟ್ಟುತ್ತ ಸೀಟಿ ಊದಿ ಹೋಗುತ್ತಾನೆ. ನಾಯಿಗಳು ಅವನನ್ನು ಕೇರಿಯ ಗಡಿಯವರೆಗೆ ಬಿಟ್ಟುಬರುತ್ತವೆ. ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಗಳ ಮೊರೆತ ಒಂದೇ ಶ್ರುತಿ ಹಿಡಿದಂತೆ ದೂರದಿಂದ ಬರುತ್ತದೆ. ಗೂಡ್ಸ್ ರೈಲೊಂದು ಸಿಳ್ಳು ಹಾಕಿ ಹೋಗುತ್ತದೆ. ಕೋಟೆಯ ಬಂಡೆಗಳ ನಡುವೆ ಗೂಬೆ ಮಾತನಾಡುತ್ತದೆ. ಯಾವುದಕ್ಕೋ ಬೆದರಿದ ನವಿಲು ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಜೋಗಿಮಟ್ಟಿಯ ಕಡೆಯ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುವುದು ಮಾಳಿಗೆಯಿಂದ ಕಾಣುತ್ತದೆ. ಅವುಗಳ ಸದ್ದು ಇಲ್ಲಿಯವರೆಗೆ ಬಾರದು.

ಈ ಜಾವದಲ್ಲಿಯೇ ಕೆಲವು ದಿನ ನಲ್ಲಿಗೆ ನೀರು ಬರುತ್ತದೆ. ಮೊದಲು ಕೊಳವೆಯೊಳಗಿನ ಗಾಳಿ ಹಾವಿನಂತೆ ಬುಸುಗುಟ್ಟುತ್ತದೆ. ಆ ಬುಸುಗಿಗೆ ಏಳುವವರು ಹೆಣ್ಣುಮಕ್ಕಳು ಮಾತ್ರ. ಗಂಡಸರ ಕಿವಿಗೆ ಅದು ತಲುಪುವುದಿಲ್ಲವೋ, ತಲುಪಿದರೂ ಮನಸ್ಸಿಗೆ ಮುಟ್ಟುವುದಿಲ್ಲವೋ! ಮೊದಲ ಕೊಡಕ್ಕೆ ಬೀಳುವ ನೀರಿನ ದನಿ ದಪ್ಪ, ಕೊಡ ತುಂಬುತ್ತ ಬಂದಂತೆ ದನಿ ಕಿರಿದಾಗಿ ಮೇಲೇರುತ್ತದೆ. ಕತ್ತಲಲ್ಲಿ ನಿಂತ ಗೃಹಿಣಿ ದೀಪವಿಲ್ಲದೆಯೇ ಕೊಡ ತುಂಬಿತೆಂದು ಅರಿಯುತ್ತಾಳೆ. ಈ ನೀರು ನೆರೆಯ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದಲೋ ಹಿರಿಯೂರಿನ ಬಳಿಯ ವಾಣಿವಿಲಾಸಸಾಗರದಿಂದಲೋ ಬಂದುದು. ಬರದ ಸೀಮೆಯೆಂದು ಹೆಸರಾದ ನಮ್ಮ ಜಿಲ್ಲೆಯಲ್ಲಿ ನಡುರಾತ್ರಿ ಕೊಡ ತುಂಬುವ ಸದ್ದಿಗಿಂತ ಹಿತವಾದ ಸಂಗೀತ ಇನ್ನೊಂದಿಲ್ಲ.

ನಾಲ್ಕನೆಯ ಜಾವದಲ್ಲಿ ಹಾಲಿನ ವಾಹನದ ಕ್ರೇಟುಗಳು ಕಟಕಟಿಸುತ್ತವೆ. ಪತ್ರಿಕೆ ಹಾಕುವ ಹುಡುಗರ ಸೈಕಲ್ಲುಗಳು ಬರುತ್ತವೆ. ಪರೀಕ್ಷೆಯ ದಿನಗಳಲ್ಲಿ ಯಾವುದೋ ಮನೆಯ ಹುಡುಗಿ ಗಟ್ಟಿಯಾಗಿ ಓದಿಕೊಳ್ಳುತ್ತಾಳೆ. ಮಸೀದಿಯ ಕರೆ, ಗುಡಿಯ ಗಂಟೆ, ನಮ್ಮ ಮನೆಗಳ ಪೂಜೆಯ ಕಿರುಗಂಟೆ ಒಂದರ ಹಿಂದೊಂದು ಏಳುತ್ತವೆ. ಇವೆಲ್ಲಕ್ಕೂ ಮೊದಲು ಪೌರಕಾರ್ಮಿಕ ತಾಯಂದಿರ ಕಡ್ಡಿಪೊರಕೆ ಬೀದಿಯನ್ನು ಗುಡಿಸಿಕೊಂಡು ಹೋಗಿರುತ್ತದೆ. ಕಾಯಕವೆಂಬ ಪದವನ್ನು ವಿವರಿಸುತ್ತ ನಾವು ಹರಿಸಿದ ಮಾತಿಗೆ ಲೆಕ್ಕವಿಲ್ಲ. ಆದರೆ ಕಾಯಕ ಆರಂಭವಾಗುವ ಸದ್ದನ್ನು ನಾವು ಕೇಳಿದ್ದು ಅರವತ್ತು ದಾಟಿದ ಮೇಲೆ.

ಶಬ್ದ ದೂರ ಸಾಗುವ ಬಗೆ

ಹಗಲು ಕೇಳದ ರೈಲಿನ ಸಿಳ್ಳು ಇರುಳಿನಲ್ಲಿ ಹತ್ತಿರವೇ ಊದಿದಂತೆ ಕೇಳಿಸುವುದೇಕೆ? ಹಗಲಿನ ಗದ್ದಲ ಅಡಗಿರುವುದು ಒಂದು ಕಾರಣ. ಇನ್ನೊಂದು ಕಾರಣ ಗಾಳಿಯ ಉಷ್ಣದಲ್ಲಿದೆ. ಶಬ್ದವು ಬಿಸಿಗಾಳಿಯಲ್ಲಿ ವೇಗವಾಗಿ, ತಣ್ಣನೆಯ ಗಾಳಿಯಲ್ಲಿ ನಿಧಾನವಾಗಿ ಚಲಿಸುತ್ತದೆ. ಹಗಲಿನಲ್ಲಿ ನೆಲ ಕಾದು ಕೆಳಗಿನ ಗಾಳಿ ಬಿಸಿಯಾಗಿರುವುದರಿಂದ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಆಕಾಶದ ಪಾಲಾಗುತ್ತವೆ. ನಿರ್ಮಲವಾದ ರಾತ್ರಿಯಲ್ಲಿ ನೆಲ ಬೇಗ ತಣಿದು ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ನಿಲ್ಲುತ್ತದೆ. ಆಗ ಅಲೆಗಳು ಕೆಳಕ್ಕೆ ಬಾಗಿ ನೆಲವನ್ನು ಅನುಸರಿಸುತ್ತ ಬಹುದೂರ ಸಾಗುತ್ತವೆ.

ದುರ್ಗದಲ್ಲಿ ಇದರೊಂದಿಗೆ ಬಂಡೆಗಳೂ ಸೇರಿಕೊಳ್ಳುತ್ತವೆ. ಮರಗಿಡಗಳಂತೆ ಶಬ್ದವನ್ನು ಹೀರದೆ ಕಲ್ಲು ಅದನ್ನು ಹಿಂದಕ್ಕೆ ಎಸೆಯುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಬಂಡೆಯ ಎದುರು ನಿಂತು ಚಪ್ಪಾಳೆ ತಟ್ಟಿದಾಗ ಪ್ರತಿಧ್ವನಿ ಅರ್ಧ ಸೆಕೆಂಡಿಗೆ ಮರಳಿ ಬಂದರೆ, ಆ ಬಂಡೆ ಸುಮಾರು 85 ಮೀಟರು ದೂರದಲ್ಲಿದೆಯೆಂದು ಅರ್ಥ. ರಜೆಗೆ ಬಂದ ಮಕ್ಕಳಿಗೆ ಈ ಲೆಕ್ಕವನ್ನು ಕೋಟೆಯಲ್ಲಿಯೇ ಹೇಳಿಕೊಡಬಹುದು.

ನಮ್ಮ ಮೊಮ್ಮಗ ಒಂದು ರಾತ್ರಿ ಪಕ್ಕದಲ್ಲಿ ಕುಳಿತು, “ತಾತ, ಜೀರುಂಡೆ ಎಷ್ಟು ಜೋರಾಗಿ ಕೂಗ್ತಿದೆ!” ಎಂದ. ನಮಗೆ ಏನೂ ಕೇಳಿಸಲಿಲ್ಲ. ವಯಸ್ಸಾದಂತೆ ಮೊದಲು ಮಸುಕಾಗುವುದು ಎತ್ತರದ ಶ್ರುತಿಯ ಸದ್ದುಗಳೇ ಎಂದು ವೈದ್ಯರು ವಿವರಿಸಿದರು. ಆಗ ಒಂದು ಸಂಗತಿ ಹೊಳೆದು ನಗೆಯೂ ನಾಚಿಕೆಯೂ ಒಟ್ಟಿಗೆ ಬಂದವು. ಸಭೆಯಲ್ಲಿ “ಸೌಂಡು ಇನ್ನೂ ಸ್ವಲ್ಪ ಏರಿಸಪ್ಪಾ” ಎಂದು ಅಪ್ಪಣೆ ಮಾಡುವವರು ವೇದಿಕೆಯ ಮೇಲಿನ ನಮ್ಮಂತಹ ಮಂದಗಿವಿಯವರೇ ಅಲ್ಲವೆ? ನಮ್ಮ ಕಿವಿಯ ಅಳತೆಗೆ ಊರಿನ ಕಿವಿಗಳೆಲ್ಲವನ್ನೂ ಅಳೆಯುತ್ತ ಬಂದಿದ್ದೇವೆ.

ಓಬವ್ವನ ಕಿವಿ

ಕಿವಿಗೊಡುವ ವಿದ್ಯೆ ಈ ಊರಿಗೆ ಹೊಸತಲ್ಲ. ದುರ್ಗದ ಅತ್ಯಂತ ಪ್ರಸಿದ್ಧವಾದ ಕಥೆ ಒಂದು ಸಣ್ಣ ಸದ್ದಿನಿಂದಲೇ ಆರಂಭವಾಗುತ್ತದೆ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದ್ದ ಕಾಲ. ಕಾವಲುಗಾರ ಕಹಳೆಯ ಮುದ್ದಹನುಮ ಊಟಕ್ಕೆಂದು ಮನೆಗೆ ಬಂದಿದ್ದ. ನೀರು ತರಲು ಹೋದ ಅವನ ಮಡದಿ ಓಬವ್ವನಿಗೆ ಬಂಡೆಗಳ ನಡುವಿನ ಕಿರುಗಿಂಡಿಯ ಕಡೆಯಿಂದ ಪಿಸುಮಾತು ಕೇಳಿಸಿತೆಂದು ಜನಪದರು ಹೇಳುತ್ತಾರೆ. ಊಟಕ್ಕೆ ಕುಳಿತ ಗಂಡನನ್ನು ಎಬ್ಬಿಸದೆ ಒನಕೆ ಹಿಡಿದು ಗಿಂಡಿಯ ಬಳಿ ನಿಂತ ಆಕೆ, ನುಸುಳಿ ಬಂದವರನ್ನು ಒಬ್ಬೊಬ್ಬರನ್ನಾಗಿ ಹೊಡೆದು ಬದಿಗೆ ಎಳೆದು ಹಾಕಿದಳು. ಹಿಂದಿನವನಿಗೆ ಮುಂದಿನವನ ಗತಿ ತಿಳಿಯಬಾರದಾಗಿತ್ತು. ಆದುದರಿಂದ ಆ ಕೆಲಸವೂ ಸದ್ದಿಲ್ಲದೆಯೇ ನಡೆಯಬೇಕಾಗಿತ್ತು. ಆಮೇಲೆ ಗಂಡ ಬಂದು ಕಹಳೆ ಮೊಳಗಿಸಿ ಸೈನ್ಯವನ್ನು ಎಚ್ಚರಿಸಿದನೆಂಬುದು ಕಥೆ.

ಕೋಟೆ ಕೊನೆಗೆ 1779ರಲ್ಲಿ ಹೈದರನ ವಶವಾಯಿತು. ಆದರೂ ಜನರ ನೆನಪಿನಲ್ಲಿ ಆ ಸಾಮಾನ್ಯ ಗೃಹಿಣಿ ಇಂದಿಗೂ ಗಿಂಡಿಯ ಬಳಿ ನಿಂತೇ ಇದ್ದಾಳೆ. 2021ರಿಂದ ನವೆಂಬರ್ 11ರಂದು ಆಕೆಯ ಜಯಂತಿಯನ್ನು ಸರ್ಕಾರದ ವತಿಯಿಂದ ಆಚರಿಸುತ್ತಿದ್ದಾರೆ. ನಾವೆಲ್ಲರೂ ಅವಳ ಒನಕೆಯನ್ನು ಕೊಂಡಾಡುತ್ತೇವೆ. ಒನಕೆಗಿಂತ ಮೊದಲು ಕೆಲಸ ಮಾಡಿದ್ದು ಅವಳ ಕಿವಿ ಎಂಬುದನ್ನು ಮರೆಯುತ್ತೇವೆ. ಆ ದಿನ ಕೋಟೆಯೊಳಗೆ ಯಾವುದಾದರೂ ಉತ್ಸವದ ಧ್ವನಿವರ್ಧಕ ಮೊರೆಯುತ್ತಿದ್ದರೆ ಓಬವ್ವನ ಕಥೆಯೇ ನಮಗಿರುತ್ತಿರಲಿಲ್ಲ.

ಪ್ರಸಾದವಾಗುವ ಶಬ್ದ

ನಮ್ಮ ಷಟ್‌ಸ್ಥಲ ಶಾಸ್ತ್ರದಲ್ಲಿ ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗಸಂಬಂಧವನ್ನು ಹೇಳಿದೆ. ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಹೃದಯಕ್ಕೆ ಮಹಾಲಿಂಗ. ಕಿವಿಗೆ ಹೇಳಿರುವುದು ಪ್ರಸಾದಲಿಂಗ. ಅದಕ್ಕೆ ಅರ್ಪಿಸಬೇಕಾದ ಪದಾರ್ಥ ಶಬ್ದ. ನಾವು ಇದನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದೆವು. ಅನ್ನ ಪ್ರಸಾದವಾಗುವ ಬಗೆ ಮನೆಮನೆಗೂ ಗೊತ್ತು. ಶಬ್ದ ಪ್ರಸಾದವಾಗುವುದು ಹೇಗೆ?

ಪ್ರಸಾದಕ್ಕೆ ಎರಡು ನಿಯಮಗಳಿವೆ. ಬಂದುದನ್ನು ಹಳಿಯದೆ ಸ್ವೀಕರಿಸಬೇಕೆಂಬುದು ಒಂದು. ಆ ದೃಷ್ಟಿಯಿಂದ ಕೊಡದ ಸದ್ದು, ಪೊರಕೆಯ ಸದ್ದು, ಹೊಲಿಗೆಯಂತ್ರದ ಸದ್ದು ಎಲ್ಲವೂ ಪ್ರಸಾದವೇ. ಅವುಗಳನ್ನು ಕಿರಿಕಿರಿಯೆಂದು ಬೈಯುತ್ತಿದ್ದ ನಮ್ಮ ಮನಸ್ಸು, ಅವುಗಳ ಹಿಂದಿನ ಮನುಷ್ಯರನ್ನು ಅರಿತ ಮೇಲೆ ಶಾಂತವಾಯಿತು. ಪ್ರಸಾದವನ್ನು ಯಾರ ಬಾಯಿಗೂ ಬಲವಂತವಾಗಿ ತುರುಕಬಾರದೆಂಬುದು ಎರಡನೆಯದು. ಹಸಿದು ಬಂದು ಕೈಚಾಚಿದವರಿಗೆ ನೀಡಿದಾಗ ಅದು ಪ್ರಸಾದ. ಜ್ವರದಿಂದ ಮಲಗಿದವನ ಬಾಯಿ ತೆರೆದು ತುಂಬಿದರೆ ಅದು ಹಿಂಸೆ. ಕಂಬಕ್ಕೆ ಕಟ್ಟಿದ ಕಹಳೆಯಿಂದ ಹೊರಡುವ ಶರಣರ ಮಾತಿಗೂ ಇದೇ ನಿಯಮ ಸಲ್ಲಬೇಡವೆ? ಕಲ್ಯಾಣದ ಅನುಭವಮಂಟಪದಲ್ಲಿ ಒಬ್ಬರು ಮಾತನಾಡುವಾಗ ಉಳಿದವರು ಕೇಳುತ್ತಿದ್ದರು. ಅಲ್ಲಿ ನಡೆದದ್ದು ಸಂವಾದ. ಕೇಳುವವರಿಲ್ಲದ ಕಡೆಗೂ ಮಾತನ್ನು ಎರಚುವ ಪದ್ಧತಿ ನಾವು ಈಚೆಗೆ ಕಲಿತದ್ದು.

ಈ ವಿಷಯದಲ್ಲಿ ಕಾಯ್ದೆಯೂ ಸ್ಪಷ್ಟವಾಗಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲಿಗೆ 55 ಡೆಸಿಬಲ್, ಇರುಳಿಗೆ 45. ಈ ಹತ್ತರ ಅಂತರ ಚಿಕ್ಕದೆಂದು ಭಾವಿಸಬಾರದು: ಡೆಸಿಬಲ್ ಲೆಕ್ಕದಲ್ಲಿ ಹತ್ತು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಏರಿದಂತೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರು ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಧಾರ್ಮಿಕ, ಸಾಂಸ್ಕೃತಿಕ ಉತ್ಸವಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಸರ್ವೋಚ್ಚ ನ್ಯಾಯಾಲಯವೂ 2005ರಲ್ಲಿ ರಾತ್ರಿಯ ನಿರ್ಬಂಧವನ್ನು ಎತ್ತಿಹಿಡಿಯಿತು. ಇದು ಯಾವ ಒಂದು ಮತಕ್ಕೂ ಸೀಮಿತವಾದ ಕಾಯ್ದೆಯಲ್ಲ. ಆದರೆ ನೆರೆಯವರ ಸದ್ದನ್ನು ಎಣಿಸುವ ಮೊದಲು ನಮ್ಮ ಕಂಬದ ಸದ್ದನ್ನು ಇಳಿಸುವುದು ಲೇಸು.

ಹೀಗಿದ್ದರೂ ವಾಚಕರು ಒಂದನ್ನು ಗಮನಿಸಬೇಕು. ಆ ಶ್ರಾವಣದ ರಾತ್ರಿ ನಾವು ಹತ್ತು ಗಂಟೆಯ ಒಳಗೇ ಮುಗಿಸಿದ್ದೆವು. ಗಡಿಯಾರದ ಲೆಕ್ಕದಲ್ಲಿ ನಾವು ತಪ್ಪಿತಸ್ಥರಾಗಿರಲಿಲ್ಲ. ಅವ್ವ ಮಾತ್ರ ಒಂದೂಕಾಲು ಗಂಟೆ ಕಲ್ಲು ತಟ್ಟುತ್ತಲೇ ಇದ್ದರು.

ಕೇಳುವುದು, ಕದ್ದು ಕೇಳುವುದು

ಇಲ್ಲಿ ಒಂದು ಆಕ್ಷೇಪ ಬರಬಹುದು. ರಾತ್ರಿಯ ಹೊತ್ತು ನೆರೆಮನೆಗಳಿಗೆ ಕಿವಿಗೊಡುವುದು ಸಭ್ಯತೆಯೆ? ನಮ್ಮ ಮನೆಯವರೇ ಈ ಪ್ರಶ್ನೆಯನ್ನು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಗೋಡೆಯಾಚೆಯ ಗಂಡಹೆಂಡಿರ ಮಾತು, ಸಾಲಸೋಲದ ಮಾತು, ಮಗಳ ಸಂಬಂಧದ ಮಾತು ನಮ್ಮ ಕಿವಿಗೆ ಬಿದ್ದರೂ ಅಲ್ಲಿಯೇ ಸಾಯಬೇಕು. ಅದನ್ನು ಬೆಳಗಿನ ಜಗಲಿಗೆ ತರುವವರು ಕೇಳುಗರಲ್ಲ, ಕಳ್ಳರು. ಆದರೆ ನೋವಿನ ದನಿಯ ಸಂಗತಿ ಬೇರೆ. ಮೂರು ರಾತ್ರಿಯಿಂದ ಒಂದೇ ಸಮನೆ ಕೆಮ್ಮುತ್ತಿರುವ ಮುದುಕರು, ಹಸುಗೂಸನ್ನು ಹಿಡಿದುಕೊಂಡು ಒಬ್ಬಳೇ ಅಳುತ್ತಿರುವ ಬಾಣಂತಿ, ಪೆಟ್ಟು ತಿಂದು ಕೂಗುವ ಹೆಣ್ಣುಮಗಳು, ಇವರ ದನಿಯನ್ನು “ಅದು ಅವರ ಮನೆಯ ವಿಷಯ” ಎಂದು ಹೊದಿಕೆ ಎಳೆದುಕೊಂಡು ಮಲಗುವುದು ಸಭ್ಯತೆಯಲ್ಲ. ಅಂಥ ಒಂದು ಕೂಗನ್ನು ನಾವೂ ಒಮ್ಮೆ ಕೇಳಿದೆವು. ಬಾಗಿಲು ತಟ್ಟಿ, “ಕುಡಿಯಲು ಒಂದು ಲೋಟ ನೀರು ಕೊಡಿ ತಾಯಿ” ಎಂದಷ್ಟೇ ಕೇಳಿದೆವು. ಬಾಗಿಲು ತೆರೆಯಿತು, ಎತ್ತಿದ ಕೈ ಇಳಿಯಿತು. ಮರುದಿನ ಆಕೆಯ ಅಣ್ಣನಿಗೆ ಸುದ್ದಿ ಮುಟ್ಟಿಸಿದ್ದು ನಮ್ಮ ಮನೆಯವರು.

ಕೇರಿ ಮಾಡಿದ ಏರ್ಪಾಡು

ಆಸ್ಪತ್ರೆಯಿಂದ ಮರಳಿದ ಅವ್ವ ಮತ್ತೆ ತಮ್ಮ ಮನೆಯಲ್ಲಿಯೇ ಇರುತ್ತೇನೆಂದು ಹಟ ಹಿಡಿದರು. ಮಗ ದೂರದ ಊರಿನಲ್ಲಿ ನೌಕರಿಯಲ್ಲಿದ್ದವರು. ಕರೆದರೂ ಇವರು ಹೋಗಲಿಲ್ಲ. ಆಗ ಕೇರಿಯ ಹೆಣ್ಣುಮಕ್ಕಳೇ ಒಂದು ಏರ್ಪಾಡು ಮಾಡಿದರು. ರಾತ್ರಿ ಒಂಬತ್ತಕ್ಕೆ ಅವ್ವ ಅದೇ ಹಿತ್ತಾಳೆಯ ಚೊಂಬಿನಿಂದ ಗೋಡೆಗೆ ಎರಡು ಸಲ ತಟ್ಟುವುದು. ಪಕ್ಕದ ಮನೆಯ ಸೊಸೆ ಎರಡು ಸಲ ತಟ್ಟಿ ಉತ್ತರ ಕೊಡುವುದು. ಬೆಳಗಿನ ಐದಕ್ಕೆ ಮತ್ತೊಮ್ಮೆ. ಸದ್ದು ಬಾರದಿದ್ದರೆ ಹೋಗಿ ನೋಡುವುದು. ಇದಕ್ಕೆ ಖರ್ಚಿಲ್ಲ, ಸಮಿತಿಯಿಲ್ಲ. ಬೇಕಾದದ್ದು ಆ ಹೊತ್ತಿಗೆ ಎರಡೂ ಮನೆಗಳು ಸಾಕಷ್ಟು ನಿಶ್ಶಬ್ದವಾಗಿರುವುದು ಮಾತ್ರ. ಆದುದರಿಂದ ಒಂಬತ್ತಾಗುತ್ತಲೇ ಆ ಸೊಸೆ ದೂರದರ್ಶನದ ದನಿಯನ್ನು ಇಳಿಸುತ್ತಿದ್ದಳು. ಅವಳನ್ನು ಕಂಡು ಎದುರು ಮನೆಯವರೂ ಇಳಿಸಿದರು.

ಇದೇ ಬಗೆಯಲ್ಲಿ ಪ್ರತಿ ಓಣಿಯಲ್ಲಿಯೂ ಒಂಟಿಯಾಗಿರುವ ವೃದ್ಧರು ಯಾರು, ಕಾಯಿಲೆಯವರು ಯಾರು ಎಂಬುದನ್ನು ನಮ್ಮ ಕುಟುಂಬಗಳು ತಿಳಿದಿರುವುದು ಕಷ್ಟವಲ್ಲ. ಹಿರಿಯರ ಹಾಸಿಗೆಯ ಪಕ್ಕದಲ್ಲಿ ಒಂದು ಕಿರುಗಂಟೆಯನ್ನೋ ಸೀಟಿಯನ್ನೋ ಇಟ್ಟಿರಬೇಕು. ಅಪಾಯದ ಹೊತ್ತಿಗೆ ಕೂಗುವ ದನಿ ಬೇಗ ಸೋಲುತ್ತದೆ. ತುರ್ತುವಾಹನದ 108, ಪೊಲೀಸರ 112 ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಬೇಕು. ಸಮಾರಂಭ ನಡೆಸುವವರು ಮೊದಲೇ ಕೇರಿಯ ಮನೆಗಳಿಗೆ ಹೋಗಿ ರೋಗಿಗಳಿದ್ದಾರೆಯೇ, ಪರೀಕ್ಷೆಗೆ ಕುಳಿತ ಮಕ್ಕಳಿದ್ದಾರೆಯೇ ಎಂದು ವಿಚಾರಿಸುವುದು ಆಮಂತ್ರಣಪತ್ರಿಕೆ ಹಂಚಿದಷ್ಟೇ ಅಗತ್ಯ. ಮಕ್ಕಳಿಗೆ ಮಲಗುವ ಮುನ್ನ ಐದು ನಿಮಿಷ ದೀಪ ಆರಿಸಿ, ಇಂದು ಎಷ್ಟು ಸದ್ದು ಕೇಳಿದೆ, ಅವು ಯಾರ ಸದ್ದು ಎಂದು ಹೇಳಿಸುವ ಆಟವಾಡಿಸಬಹುದು. ನಮ್ಮ ಮೊಮ್ಮಗ ಈ ಆಟದಲ್ಲಿ ಪ್ರತಿ ರಾತ್ರಿಯೂ ನಮ್ಮನ್ನು ಸೋಲಿಸುತ್ತಾನೆ.

ಅವ್ವ ಆಮೇಲೆ ಎರಡು ವರ್ಷ ಬದುಕಿದ್ದರು. ಒಂದು ಮುಂಜಾನೆ ಐದಕ್ಕೆ ಗೋಡೆ ಸುಮ್ಮನಿತ್ತು. ಸೊಸೆ ಹೋಗಿ ನೋಡಿದಾಗ ನಿದ್ರೆಯಲ್ಲಿಯೇ ಲಿಂಗೈಕ್ಯರಾಗಿದ್ದರು. ಒಂಬತ್ತಕ್ಕೆ ತಟ್ಟಿದ್ದನ್ನು ಅವಳು ಕೇಳಿದ್ದಳು, ಉತ್ತರವನ್ನೂ ಕೊಟ್ಟಿದ್ದಳು. ಆ ಮಾತನ್ನು ಅವಳು ಅಂದು ಬಂದವರೆಲ್ಲರಿಗೂ ಹೇಳಿದಳು.

ಈಗ ನಮ್ಮ ಕೇರಿಯಲ್ಲಿ ಶ್ರಾವಣದ ಪ್ರವಚನ ಧ್ವನಿವರ್ಧಕವಿಲ್ಲದೆ ನಡೆಯುತ್ತದೆ. ಹಿಂದೆ ಕುಳಿತವರಿಗೆ ಕೇಳಿಸದಿದ್ದರೆ ಮುಂದೆ ಬಂದು ಕುಳಿತುಕೊಳ್ಳುತ್ತಾರೆ. ಮಾತಿನ ನಡುವೆ ನಾವು ಆಗಾಗ ನಿಲ್ಲಿಸುತ್ತೇವೆ. ಮುಂದಿನ ಮಾತನ್ನು ನೆನಪಿಸಿಕೊಳ್ಳುತ್ತಿದ್ದಾರೆಂದು ಹೊಸಬರು ತಿಳಿಯುತ್ತಾರೆ. ಹಿತ್ತಿಲ ಕಡೆ ಏನಾದರೂ ಸದ್ದಾಯಿತೇ ಎಂದು ನಾವು ಕೇಳುತ್ತಿರುತ್ತೇವೆಂಬುದು ಕೇರಿಯವರಿಗೆ ಗೊತ್ತು.